ನೈದಿಲೆ ಕ್ಷೇಮವೇ?

ಚಂದ್ರನಿಗೆ ನಮ್ಮ ಹಳೆಯ ಕವಿಗಳು ಇಟ್ಟ ಹೆಸರುಗಳಲ್ಲಿ ‘ಕುಮುದಬಾಂಧವ’ ಎಂಬುದೂ ಒಂದು. ಕುಮುದ ಎಂದರೆ ಬಿಳಿ ನೈದಿಲೆ. ಸೂರ್ಯ ಬಂದರೆ ತಾವರೆ ಅರಳುತ್ತದೆ, ಚಂದ್ರ ಬಂದರೆ ನೈದಿಲೆ ಅರಳುತ್ತದೆ ಎಂಬ ಮಾತು ಕಾವ್ಯಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಇದನ್ನು ಬರೀ ಕವಿಕಲ್ಪನೆ ಎಂದು ತಳ್ಳಿಹಾಕುವಂತಿಲ್ಲ. ಬಿಳಿ ಹೂವಿನ ಒಂದು ಜಾತಿಯ ನೈದಿಲೆ ನಿಜವಾಗಿಯೂ ಕತ್ತಲಾಗುವಾಗ ಅರಳಿ, ಮರುದಿನ ಬಿಸಿಲೇರುವ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ. ಆದರೆ ಇದಕ್ಕೆ ಕಾರಣ ಚಂದ್ರನಲ್ಲ. ಅಮಾವಾಸ್ಯೆಯ ರಾತ್ರಿಯಲ್ಲೂ ಅದು ಅಷ್ಟೇ ಚೆನ್ನಾಗಿ ಅರಳುತ್ತದೆ. ಹಗಲು ಇರುಳುಗಳ ಬೆಳಕು ಮತ್ತು ಶಾಖದ ವ್ಯತ್ಯಾಸವೇ ಅದರ ಗಡಿಯಾರ.

ಕೆರೆಯ ದಂಡೆಯಲ್ಲಿ ಕುಳಿತು ಹೂವನ್ನು ಗಮನಿಸಿದ ಜನ ಇದ್ದುದರಿಂದಲೇ ಇಂಥ ಹೆಸರು ಹುಟ್ಟಿತು. ಇಂದಿನ ಮಕ್ಕಳು ಕುಮುದ, ಇಂದೀವರ, ನೀಲೋತ್ಪಲ ಎಂಬ ಪದಗಳ ಅರ್ಥವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತಾರೆ. ಆದರೆ ಹೂವನ್ನು ತೋರಿಸಿ ಹೆಸರು ಕೇಳಿದರೆ ‘ಕಮಲ’ ಎನ್ನುವವರೇ ಹೆಚ್ಚು. ಹಾಗಾದರೆ ನೈದಿಲೆ ಯಾವುದು? ಅದರ ಮನೆ ಎಂಥದು? ಅದು ಕ್ಷೇಮವಾಗಿದೆಯೇ?

ತಾವರೆ ಬೇರೆ, ನೈದಿಲೆ ಬೇರೆ

ಗುರುತಿಸುವುದು ಕಷ್ಟವಲ್ಲ. ತಾವರೆಯ ಎಲೆ ತಟ್ಟೆಯಂತೆ ದುಂಡು, ಎಲ್ಲಿಯೂ ಸೀಳಿಲ್ಲ, ದಂಟು ಎಲೆಯ ನಟ್ಟನಡುವೆ ಅಂಟಿಕೊಂಡಿರುತ್ತದೆ. ಬೆಳೆದ ಎಲೆಗಳು ನೀರಿನಿಂದ ಮೇಲೆದ್ದು ನಿಲ್ಲುತ್ತವೆ. ಅವುಗಳ ಮೇಲೆ ಬಿದ್ದ ನೀರಹನಿ ಮುತ್ತಿನಂತೆ ಉರುಳಿಹೋಗುತ್ತದೆ. ಹೂವಿನ ನಡುವೆ ಷವರಿನ ತಲೆಯಂಥ ಒಂದು ಭಾಗವಿದ್ದು, ಅದರ ಗುಳಿಗಳಲ್ಲಿ ಬೀಜಗಳು ಕೂತಿರುತ್ತವೆ.

ನೈದಿಲೆಯ ಎಲೆಗೆ ಅಂಚಿನಿಂದ ದಂಟಿನವರೆಗೆ ಒಂದು ಸೀಳಿರುತ್ತದೆ. ಎಲೆ ನೀರಿನ ಮೇಲೆ ಚಪ್ಪಟೆಯಾಗಿ ತೇಲುತ್ತದೆ. ಹೂವಿನ ದಳಗಳು ಕಿರಿದು, ತುದಿ ಚೂಪು. ನಮ್ಮ ಕೆರೆಗಳಲ್ಲಿ ಸಹಜವಾಗಿ ಬೆಳೆಯುವ ಮುಖ್ಯ ಜಾತಿಗಳು ಎರಡು. ಒಂದು, ತಿಳಿನೀಲಿ ಅಥವಾ ಬಿಳಿ ಹೂ ಬಿಟ್ಟು ಹಗಲಿನಲ್ಲಿ ಅರಳುವ ‘ನಿಂಫಿಯಾ ನೌಚಾಲಿ’. ಕನ್ನಡದ ಕನ್ನೈದಿಲೆ ಇದೇ. 1768ರಲ್ಲಿ ಈ ವೈಜ್ಞಾನಿಕ ಹೆಸರನ್ನು ಕೊಟ್ಟವನು ಬರ್ಮನ್ ಎಂಬ ಡಚ್ ಸಸ್ಯವಿಜ್ಞಾನಿ. ಇನ್ನೊಂದು, ರಾತ್ರಿ ಅರಳುವ ‘ನಿಂಫಿಯಾ ಪ್ಯುಬೆಸೆನ್ಸ್’. ಇದರ ಎಲೆಯ ಅಂಚು ಗರಗಸದಂತೆ. ಎಲೆಯ ಕೆಳಭಾಗದಲ್ಲಿ ನವಿರಾದ ರೋಮಗಳಿರುತ್ತವೆ. ಕವಿಗಳ ಕುಮುದ ಇದು.

ನೋಡಲು ಅಕ್ಕತಂಗಿಯರಂತಿದ್ದರೂ ತಾವರೆಗೂ ನೈದಿಲೆಗೂ ರಕ್ತಸಂಬಂಧ ಬಲು ದೂರ. ಡಿ.ಎನ್.ಎ. ಪರೀಕ್ಷೆಯ ಪ್ರಕಾರ ತಾವರೆಯ ಹತ್ತಿರದ ನೆಂಟ ಪ್ಲೇನ್ ಎಂಬ ದೊಡ್ಡ ಮರ! ನೈದಿಲೆಯಾದರೋ ಹೂ ಬಿಡುವ ಸಸ್ಯಗಳ ವಂಶವೃಕ್ಷದಲ್ಲಿ ತೀರಾ ಮೊದಲು ಕವಲೊಡೆದ ಕೊಂಬೆಗಳಲ್ಲಿ ಒಂದು. ಹೂವು ಎಂಬುದು ಭೂಮಿಯ ಮೇಲೆ ಹೇಗೆ ಹುಟ್ಟಿತು ಎಂದು ತಿಳಿಯಲು ವಿಜ್ಞಾನಿಗಳು ನೈದಿಲೆಯನ್ನು ಕೆದಕುವುದು ಇದಕ್ಕಾಗಿಯೇ. 2020ರಲ್ಲಿ ನೀಲಿ ಹೂವಿನ ಒಂದು ನೈದಿಲೆ ಜಾತಿಯ ಸಂಪೂರ್ಣ ಜೀನ್ ನಕ್ಷೆ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಎರಡು ಹೊಳೆಗಳ ನಡುವಿನ ಮನೆ

ಕೃಷ್ಣೆ ಮತ್ತು ತುಂಗಭದ್ರೆಯರ ನಡುವಿನ ನೆಲವನ್ನು ಹಿಂದೆ ಎಡೆದೊರೆ ನಾಡು ಎಂದು ಕರೆಯುತ್ತಿದ್ದರು. ಲಿಂಗಸುಗೂರು, ಮಸ್ಕಿ, ಸಿಂಧನೂರುಗಳೆಲ್ಲ ಈ ನಾಡಿನವು. ಎರಡು ದೊಡ್ಡ ಹೊಳೆಗಳ ನಡುವೆ ಇದ್ದರೂ ಇದು ನೀರಿಗೆ ಬಡವಾದ ಸೀಮೆ. ವರ್ಷದ ಮಳೆ 600 ಮಿಲಿಮೀಟರಿನ ಆಸುಪಾಸು. ಅದೂ ಬಹುಪಾಲು ಜೂನ್‌ನಿಂದ ಅಕ್ಟೋಬರ್ ಒಳಗೆ. ಆದ್ದರಿಂದ ಹಿರಿಯರು ಹಳ್ಳಗಳಿಗೆ ಒಡ್ಡು ಹಾಕಿ ಕೆರೆ ಕಟ್ಟಿದರು, ಕುಂಟೆ ತೋಡಿದರು. ಇಲ್ಲಿನ ನೀರುಹೂಗಳಿಗೆ ಆಸರೆಯಾದದ್ದು ಹೀಗೆ ಮನುಷ್ಯರು ಕಟ್ಟಿದ ಕೆರೆಕುಂಟೆಗಳೇ.

ಇಂಥ ಕೆರೆ ವರ್ಷವಿಡೀ ಒಂದೇ ತೆರನಾಗಿರುವುದಿಲ್ಲ. ಮುಂಗಾರಿನಲ್ಲಿ ನೀರು ಬರುತ್ತದೆ, ಹಿಂಗಾರಿನ ಹೊತ್ತಿಗೆ ತುಂಬುತ್ತದೆ, ಚಳಿಗಾಲದಲ್ಲಿ ತಿಳಿಯಾಗುತ್ತದೆ, ಬೇಸಿಗೆಯಲ್ಲಿ ಇಳಿದು ಎರೆಮಣ್ಣು ಬಿರುಕು ಬಿಡುತ್ತದೆ. ನೀರಿನ ಗಿಡವೊಂದು ಇಂಥ ಕಡೆ ಹೇಗೆ ಬದುಕೀತು? ನೈದಿಲೆಯ ಜಾಣತನ ಇರುವುದು ಇಲ್ಲಿಯೇ. ನೀರು ಇಳಿದಾಗ ಎಲೆ, ದಂಟುಗಳು ಒಣಗುತ್ತವೆ. ಆದರೆ ಗಡ್ಡೆ ಕೆಸರಿನೊಳಗೆ ನಿದ್ದೆ ಹೋಗುತ್ತದೆ. ಮೇಲಿನ ಮಣ್ಣು ಒಣಗಿ ಹೆಂಟೆಯಾದರೂ ಒಳಗೆ ಅಷ್ಟಿಷ್ಟು ತೇವ ಉಳಿದರೆ ಸಾಕು. ಮುಂದಿನ ಮಳೆಗೆ ಅದೇ ಗಡ್ಡೆ ಚಿಗುರುತ್ತದೆ. ಬೀಜಗಳೂ ಹೂಳಿನಲ್ಲಿ ಕಾದಿರುತ್ತವೆ. ನಾವು ‘ಒಣಗಿದ ಕೆರೆ’ ಎನ್ನುವುದು ನೈದಿಲೆಯ ಪಾಲಿಗೆ ಮಲಗುವ ಕೋಣೆ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಇದು ಬೇಕಾಗುತ್ತದೆ.

ಮೂರು ದಿನದ ಹೂವು

ಕೆಸರಿನಲ್ಲಿ ಆಮ್ಲಜನಕ ಬಹಳ ಕಡಿಮೆ. ಗಡ್ಡೆಗೆ ಉಸಿರಾಡಲು ಗಾಳಿ ಮೇಲಿನಿಂದಲೇ ಬರಬೇಕು. ಬೇರೆ ಗಿಡಗಳ ಎಲೆಯಲ್ಲಿ ಉಸಿರುರಂಧ್ರಗಳು ಹೆಚ್ಚಾಗಿ ಕೆಳಭಾಗದಲ್ಲಿದ್ದರೆ, ತೇಲುವ ನೈದಿಲೆ ಎಲೆಯಲ್ಲಿ ಅವು ಮೇಲ್ಭಾಗದಲ್ಲಿವೆ. ದಂಟನ್ನು ಅಡ್ಡ ಕತ್ತರಿಸಿದರೆ ಒಳಗೆ ಕೊಳವೆಗಳಂಥ ಗಾಳಿದಾರಿಗಳು ಕಾಣುತ್ತವೆ. 1980ರಲ್ಲಿ ಅಮೆರಿಕದ ಜಾನ್ ಡೇಸಿ ಎಂಬ ವಿಜ್ಞಾನಿ ನೈದಿಲೆಯ ಕುಟುಂಬದ ಒಂದು ಹಳದಿ ಹೂವಿನ ಗಿಡದಲ್ಲಿ ಸ್ವಾರಸ್ಯದ ಸಂಗತಿಯನ್ನು ತೋರಿಸಿಕೊಟ್ಟ. ಬಿಸಿಲಿಗೆ ಬೆಚ್ಚಗಾದ ಎಳೆಯ ಎಲೆಗಳು ಗಾಳಿಯನ್ನು ಒಳಗೆಳೆದು ದಂಟಿನ ಮೂಲಕ ಗಡ್ಡೆಗೆ ತಳ್ಳುತ್ತವೆ. ಅಲ್ಲಿಂದ ಅದು ಬಲಿತ ಎಲೆಗಳ ಮೂಲಕ ಹೊರಬರುತ್ತದೆ. ಪಂಪು, ವಿದ್ಯುತ್ತು ಏನೂ ಬೇಡ!

ಹೂವಿನ ಕಥೆ ಇನ್ನೂ ಸೊಗಸು. ಕನ್ನೈದಿಲೆಯ ಹೂವು ಮೊದಲ ದಿನ ಅರಳಿದಾಗ ಅದು ಹೆಣ್ಣು. ನಡುವಿನ ಬಟ್ಟಲಿನಲ್ಲಿ ದ್ರವ ತುಂಬಿರುತ್ತದೆ. ಬೇರೆ ಹೂವಿನ ಪರಾಗ ಹೊತ್ತು ಬಂದ ನೊಣವೋ ಜೇನೋ ಜಾರಿ ಅದರಲ್ಲಿ ಬಿದ್ದರೆ ಪರಾಗ ತೊಳೆದುಹೋಗಿ ಹೂವಿಗೆ ಸಿಗುತ್ತದೆ. ಕೆಲವು ಕೀಟಗಳು ಮುಳುಗಿ ಸಾಯುವುದೂ ಉಂಟು. ಎರಡನೆಯ ದಿನದಿಂದ ಬಟ್ಟಲು ಒಣಗುತ್ತದೆ, ಕೇಸರಗಳು ಪರಾಗ ಸುರಿಸುತ್ತವೆ. ಈಗ ಅದೇ ಹೂವು ಗಂಡು. ತನ್ನ ಪರಾಗ ತನಗೇ ಬೀಳದಂತೆ ಮಾಡಿಕೊಂಡ ಏರ್ಪಾಡು ಇದು. ಮೂರು ನಾಲ್ಕು ದಿನಗಳ ನಂತರ ಹೂವಿನ ತೊಟ್ಟು ಸುರುಳಿಯಾಗಿ ಕಾಯಿಯನ್ನು ನೀರೊಳಗೆ ಎಳೆದುಕೊಳ್ಳುತ್ತದೆ. ಕಾಯಿ ಬಲಿತು ಒಡೆದಾಗ ಬೀಜಗಳು ತಮ್ಮ ಸುತ್ತಲಿನ ಗಾಳಿತುಂಬಿದ ಪೊರೆಯಿಂದಾಗಿ ಸ್ವಲ್ಪ ಕಾಲ ತೇಲಿ, ದೂರ ಸಾಗಿ, ಆಮೇಲೆ ತಳ ಸೇರುತ್ತವೆ.

ನೈದಿಲೆ ಒಬ್ಬಂಟಿಯಲ್ಲ. ಉದ್ದನೆಯ ಬೆರಳುಗಳ ದೇವನಕ್ಕಿ ತೇಲುವ ಎಲೆಗಳ ಮೇಲೆ ನಡೆದಾಡಿ, ಅಲ್ಲಿಯೇ ಗೂಡು ಮಾಡುತ್ತದೆ. ಈ ಹಕ್ಕಿಗಳಲ್ಲಿ ಕಾವು ಕೊಟ್ಟು ಮರಿ ಸಾಕುವುದು ಗಂಡು. ಎಲೆಯ ಅಡಿಯಲ್ಲಿ ಬಸವನಹುಳುಗಳು ಮೊಟ್ಟೆ ಅಂಟಿಸುತ್ತವೆ, ನೆರಳಿನಲ್ಲಿ ಮೀನುಮರಿಗಳು ಅಡಗುತ್ತವೆ. ಎಲೆಗಳು ಬಿಸಿಲನ್ನು ತಡೆಯುವುದರಿಂದ ಪಾಚಿಯೂ ಮಿತಿಯಲ್ಲಿರುತ್ತದೆ. ಹೂ ಹೋದರೆ ಇವರೆಲ್ಲರ ಮಾಡು ಹೋದಂತೆ.

ಕೆಂಪು ಪಟ್ಟಿ ಏನು ಹೇಳುತ್ತದೆ?

ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ 1948ರಲ್ಲಿ ಹುಟ್ಟಿದ ಸಂಸ್ಥೆ. ಅದು 1964ರಿಂದ ‘ಕೆಂಪು ಪಟ್ಟಿ’ಯನ್ನು ಸಿದ್ಧಪಡಿಸುತ್ತಾ ಬಂದಿದೆ. ಜೀವಜಾತಿಗಳ ಆರೋಗ್ಯವನ್ನು ಹೇಳುವ ಪಟ್ಟಿ ಇದು. ನಾಮಾವಶೇಷ, ತೀವ್ರ ಅಪಾಯ, ಅಪಾಯ, ದುರ್ಬಲ ಸ್ಥಿತಿ, ಅಪಾಯದ ಸಮೀಪ ಹೀಗೆ ಇಳಿಯುತ್ತಾ ಬಂದು ಕೊನೆಗೆ ‘ಅತಿ ಕಡಿಮೆ ಆತಂಕ’ ಎಂಬ ಮೆಟ್ಟಿಲಿದೆ. ನಮ್ಮ ಕನ್ನೈದಿಲೆ ಈ ಕೊನೆಯ ಮೆಟ್ಟಿಲಲ್ಲಿದೆ. ಭಾರತ, ಶ್ರೀಲಂಕಾಗಳಿಂದ ಆಗ್ನೇಯ ಏಷ್ಯಾ, ಆಸ್ಟ್ರೇಲಿಯಾದವರೆಗೆ ಹಬ್ಬಿರುವ ಗಿಡವಾದ್ದರಿಂದ ಜಗತ್ತಿನಿಂದಲೇ ಅಳಿಯುವ ಭಯ ಸದ್ಯಕ್ಕಿಲ್ಲ.

ಹಾಗಾದರೆ ಚಿಂತೆಯಿಲ್ಲವೇ? ಇಲ್ಲಿ ಒಂದು ಸೂಕ್ಷ್ಮವಿದೆ. ಪಟ್ಟಿ ಲೆಕ್ಕ ಹಾಕುವುದು ಇಡೀ ಜಾತಿಯನ್ನು. ನಿಮ್ಮ ಊರ ಕೆರೆಯನ್ನಲ್ಲ. ಇಡೀ ತಾಲ್ಲೂಕಿನ ಕೆರೆಗಳಿಂದ ನೈದಿಲೆ ಮಾಯವಾದರೂ ಪಟ್ಟಿಯಲ್ಲಿ ಒಂದಕ್ಷರ ಬದಲಾಗುವುದಿಲ್ಲ. ಶಾಲೆಯ ಒಟ್ಟು ಫಲಿತಾಂಶ ಚೆನ್ನಾಗಿದೆ ಎಂದ ಮಾತ್ರಕ್ಕೆ ನಿಮ್ಮ ಮಗು ಪಾಸಾಗಿದೆ ಎಂದು ಅರ್ಥವೇ?

ನೀರು ತಿರುಗಿದರೆ ಹೂವಿಗೆ ಏನಾಗುತ್ತದೆ ಎಂಬುದಕ್ಕೆ ಆಫ್ರಿಕಾದ ರುವಾಂಡಾದಲ್ಲಿ ಒಂದು ಪಾಠವಿದೆ. ಅಲ್ಲಿನ ಮಶ್ಯೂಜಾ ಎಂಬಲ್ಲಿ ಒಂದು ಬಿಸಿನೀರ ಬುಗ್ಗೆ. ಅದರ ನೀರು ಹರಿದು ತಣಿದು ಒದ್ದೆಯಾದ ಕೆಸರಿನಲ್ಲಿ ಜಗತ್ತಿನ ಅತಿ ಚಿಕ್ಕ ನೈದಿಲೆ ಬೆಳೆಯುತ್ತಿತ್ತು. ಎಲೆಯ ಅಗಲ ಒಂದೆರಡು ಸೆಂಟಿಮೀಟರ್ ಮಾತ್ರ. ಜರ್ಮನಿಯ ಎಬರ್‌ಹಾರ್ಡ್ ಫಿಶರ್ 1987ರಲ್ಲಿ ಇದನ್ನು ಗುರುತಿಸಿದರು. ಬುಗ್ಗೆಯ ನೀರನ್ನು ಬೇರೆ ಬಳಕೆಗೆ ಎಳೆದುಕೊಂಡಿದ್ದರಿಂದ ಆ ಕೆಸರು ಒಣಗಿತು. 2008ರ ಹೊತ್ತಿಗೆ ಹೂವು ಅಲ್ಲಿಂದ ಮರೆಯಾಯಿತು. ಪುಣ್ಯಕ್ಕೆ ಕೆಲವು ಗಿಡ ಮತ್ತು ಬೀಜ ಜರ್ಮನಿಯ ಬಾನ್ ಸಸ್ಯೋದ್ಯಾನದಲ್ಲಿದ್ದವು. ಲಂಡನ್ನಿನ ಕ್ಯೂ ಸಸ್ಯೋದ್ಯಾನದಲ್ಲಿ ಕಾರ್ಲೋಸ್ ಮ್ಯಾಗ್ಡಲೀನಾ ಎಂಬ ತಜ್ಞ ಅವನ್ನು ಬೆಳೆಸಲು ಹೆಣಗಿದ. ಬೇರೆ ನೈದಿಲೆಗಳಂತೆ ನೀರಿನಾಳದಲ್ಲಿಟ್ಟ ಸಸಿಗಳು ಬದುಕಲಿಲ್ಲ. ಈ ಗಿಡಕ್ಕೆ ಗಾಳಿಯ ಇಂಗಾಲದ ಡೈಆಕ್ಸೈಡ್ ಸಿಗಬೇಕು ಎಂದು ಊಹಿಸಿ, 25 ಡಿಗ್ರಿ ಶಾಖದಲ್ಲಿ ನೀರಿನ ಮೇಲ್ಮಟ್ಟಕ್ಕೆ ಸಮನಾಗಿ ಸಸಿಗಳನ್ನಿಟ್ಟಾಗ ಅವು ಬೆಳೆದು 2009ರಲ್ಲಿ ಹೂ ಬಿಟ್ಟವು. 2014ರಲ್ಲಿ ಆ ಉದ್ಯಾನದಿಂದ ಒಂದು ಗಿಡ ಕಳವೂ ಆಯಿತು! ಕೊನೆಗೆ 2023ರಲ್ಲಿ ರುವಾಂಡಾದ ಅದೇ ಸೀಮೆಯಲ್ಲಿ ಈ ನೈದಿಲೆ ಕಾಡುಸ್ಥಿತಿಯಲ್ಲಿ ಮತ್ತೆ ಸಿಕ್ಕಿತು.

ಅದನ್ನು ಯಾರೂ ಕಿತ್ತು ಹಾಕಲಿಲ್ಲ, ಸುಡಲಿಲ್ಲ. ನೀರಿನ ದಾರಿಯನ್ನು ಬದಲಿಸಿದರು, ಅಷ್ಟೇ.

ಕಾಲುವೆ ಬಂದ ಮೇಲೆ

ಎಡೆದೊರೆಯಲ್ಲೂ ನೀರಿನ ದಾರಿ ಬದಲಾಗಿದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಕಾಲುವೆಗೆ ಹರಿಯಿತು. 200 ಕಿಲೋಮೀಟರಿಗೂ ಉದ್ದವಾದ ಎಡದಂಡೆ ಕಾಲುವೆ ಸಿಂಧನೂರಿನ ಎರೆಭೂಮಿಯನ್ನು ಬತ್ತದ ಕಣಜ ಮಾಡಿತು. ಆಮೇಲೆ ಕೃಷ್ಣೆಯ ನಾರಾಯಣಪುರ ಬಲದಂಡೆ ಕಾಲುವೆ ಲಿಂಗಸುಗೂರಿನ ಕಡೆಗೆ ಬಂತು. ಬರದಿಂದ ಗುಳೆ ಹೋಗುತ್ತಿದ್ದ ಸೀಮೆಗೆ ಅನ್ನ ಕೊಟ್ಟ ಈ ಕಾಲುವೆಗಳನ್ನು ಯಾರೂ ಹಗುರಾಗಿ ನೋಡುವಂತಿಲ್ಲ. ಆದರೆ ಕಾಲುವೆ ಮತ್ತು ಕೊಳವೆಬಾವಿಗಳು ಬಂದಲ್ಲಿ ಕೆರೆಯ ಮೇಲಿನ ಅಕ್ಕರೆ ಕಡಿಮೆಯಾಗುತ್ತದೆ ಎಂಬುದೂ ನಿಜ. ಬೇಡವಾದ ಕೆರೆಗೆ ಕಸ ಬೀಳುತ್ತದೆ, ಅಂಗಳ ಒತ್ತುವರಿಯಾಗುತ್ತದೆ, ನೀರು ತರುವ ಹಳ್ಳ ಮುಚ್ಚಿಹೋಗುತ್ತದೆ.

ನೈದಿಲೆಗೆ ಒದಗುವ ತೊಂದರೆಗಳನ್ನು ಒಂದೊಂದಾಗಿ ನೋಡೋಣ. ಮೊದಲನೆಯದು ಗೊಬ್ಬರ. ಗದ್ದೆಯ ಬಸಿನೀರು ಮತ್ತು ಊರಿನ ಚರಂಡಿ ನೀರು ಸಾರಜನಕ, ರಂಜಕಗಳನ್ನು ಕೆರೆಗೆ ತರುತ್ತವೆ. ಆಗ ಪಾಚಿ ಕೊಬ್ಬುತ್ತದೆ. ಕೆಸರಿನ ಮೊಳಕೆಗೆ ಬೆಳಕು ಸಿಗುವುದಿಲ್ಲ.

ಎರಡನೆಯದು ವಾಟರ್ ಹಯಸಿಂತ್ ಎಂಬ ತೇಲುಕಳೆ; ಇದನ್ನೂ ಹಲವರು ಅಂತರಗಂಗೆ ಎಂದೇ ಕರೆಯುತ್ತಾರೆ. ದಕ್ಷಿಣ ಅಮೆರಿಕದ ಈ ಗಿಡ 19ನೇ ಶತಮಾನದ ಕೊನೆಗೆ ಅದರ ಹೂವಿನ ಚೆಲುವಿಗಾಗಿ ಬಂಗಾಳಕ್ಕೆ ಬಂತು. ಕೊಳೆನೀರು ಸಿಕ್ಕರೆ ಎರಡೇ ವಾರದಲ್ಲಿ ಇಮ್ಮಡಿಯಾಗಬಲ್ಲದು. ಇದು ಹೊದ್ದ ಕೆರೆಯಲ್ಲಿ ನೈದಿಲೆಯ ಎಲೆಗೆ ಜಾಗವೇ ಇಲ್ಲ.

ಮೂರನೆಯದು ಸೋಜಿಗವೆನಿಸಬಹುದು, ಅದು ಕೆರೆಯ ಹೂಳೆತ್ತುವ ಕೆಲಸ. ಹೂಳೆತ್ತುವುದು ಒಳ್ಳೆಯದೇ, ನೀರು ನಿಲ್ಲಲು ಬೇಕೇ ಬೇಕು. ಆದರೆ ಬೇಸಿಗೆಯಲ್ಲಿ ಜೆಸಿಬಿ ತಂದು ಇಡೀ ಅಂಗಳವನ್ನು ಗಟ್ಟಿನೆಲ ಕಾಣುವವರೆಗೆ ಒಂದೇ ಸಲ ಕೆರೆದರೆ, ಮಲಗಿದ್ದ ಗಡ್ಡೆ ಮತ್ತು ಬೀಜಗಳೆಲ್ಲ ಟ್ರ್ಯಾಕ್ಟರಿನಲ್ಲಿ ಹೊಲ ಸೇರುತ್ತವೆ. ಮಲಗುವ ಕೋಣೆಯ ಮಾತು ನೆನಪಿದೆಯಲ್ಲ? ದಂಡೆಯ ಇಳಿಜಾರನ್ನು ಗೋಡೆಯಂತೆ ನೆಟ್ಟಗೆ ಮಾಡಿ ಕಲ್ಲು ಕಟ್ಟಿದರೂ ತೊಂದರೆಯೇ. ನೈದಿಲೆಗೆ ಬೇಕಾದ ಆಳವಿಲ್ಲದ ಅಂಚು ಅಲ್ಲಿಗೆ ಮುಗಿಯಿತು.

ನಾಲ್ಕನೆಯದು ಅಲಂಕಾರದ ನೈದಿಲೆ. ನರ್ಸರಿಗಳಲ್ಲಿ ಸಿಗುವ ಗಾಢ ಬಣ್ಣದ ಹೂಗಳಲ್ಲಿ ಹಲವು ಮಿಶ್ರತಳಿಗಳು. ಶ್ರೀಲಂಕಾದ ರಾಷ್ಟ್ರಪುಷ್ಪ ‘ನೀಲ್ ಮಾನೆಲ್’ ನಮ್ಮ ಕನ್ನೈದಿಲೆಯೇ. ಅಲ್ಲಿ ನೇರಳೆ ಬಣ್ಣದ ಒಂದು ಮಿಶ್ರತಳಿಯನ್ನೇ ರಾಷ್ಟ್ರಪುಷ್ಪವೆಂದು ತಿಳಿದು ಜನ ಬೆಳೆಸುತ್ತಿದ್ದುದನ್ನು ಸಸ್ಯವಿಜ್ಞಾನಿಗಳು ಗುರುತಿಸಬೇಕಾಯಿತು. ಕೆರೆಗೆ ಹೂ ತಂದು ನೆಡುವ ಮುನ್ನ ಯಾವ ಹೂ ಎಂದು ನೋಡುವುದು ಒಳ್ಳೆಯದು.

ಕಾನೂನಿನ ಕೊಡೆ ಎಷ್ಟು ಅಗಲ?

ಜೌಗು ಪ್ರದೇಶಗಳ ರಕ್ಷಣೆಗಾಗಿ 1971ರಲ್ಲಿ ಇರಾನಿನ ರಾಮ್ಸರ್ ಎಂಬ ಊರಿನಲ್ಲಿ ಒಂದು ಒಪ್ಪಂದವಾಯಿತು. ಭಾರತ ಅದಕ್ಕೆ ಸೇರಿದ್ದು 1982ರಲ್ಲಿ. ದೇಶದೊಳಗೆ 2017ರ ಜೌಗು ಪ್ರದೇಶಗಳ ಸಂರಕ್ಷಣೆ ಮತ್ತು ನಿರ್ವಹಣೆ ನಿಯಮಗಳಿವೆ. ಜೌಗನ್ನು ಬೇರೆ ಬಳಕೆಗೆ ಮಾರ್ಪಡಿಸಬಾರದು, ಕಸ ಸುರಿಯಬಾರದು, ಶುದ್ಧಿ ಮಾಡದ ಕೊಳಚೆ ಬಿಡಬಾರದು ಎಂದು ಅವು ಹೇಳುತ್ತವೆ. ಆದರೆ ನದಿಪಾತ್ರ, ಬತ್ತದ ಗದ್ದೆ, ಕುಡಿಯುವ ನೀರಿಗಾಗಿ ಅಥವಾ ನೀರಾವರಿಗಾಗಿಯೇ ಕಟ್ಟಿದ ಕೆರೆಕಟ್ಟೆಗಳನ್ನು ಈ ನಿಯಮಗಳ ‘ಜೌಗು’ ಎಂಬ ಅರ್ಥದಿಂದ ಹೊರಗಿಡಲಾಗಿದೆ. ಎಡೆದೊರೆಯಂಥ ಸೀಮೆಯ ಕೆರೆಗಳಲ್ಲಿ ಬಹುಪಾಲು ನೀರಾವರಿಗಾಗಿ ಕಟ್ಟಿದವೇ. ಕನ್ನೈದಿಲೆ ಇರುವ ಮನೆಗೆ ಆ ಕೊಡೆಯ ನೆರಳು ಸಾಮಾನ್ಯವಾಗಿ ಬೀಳದು. ಕೆರೆಗಳ ಒತ್ತುವರಿ ತಡೆಗೆ ರಾಜ್ಯದ 2014ರ ಕೆರೆ ಸಂರಕ್ಷಣಾ ಕಾಯ್ದೆ ಇದೆ. ಅದು ಬಳಕೆಗೆ ಬರುವುದು ಊರವರು ಎಚ್ಚರವಾಗಿದ್ದಾಗ ಮಾತ್ರ.

ಮನುಷ್ಯ ಕಟ್ಟಿದ ಕೆರೆಗೆ ಬೆಲೆಯಿಲ್ಲವೆಂದು ಇದರ ಅರ್ಥವಲ್ಲ. 2024ರ ಜನವರಿ 31ರಂದು ವಿಜಯನಗರ ಜಿಲ್ಲೆಯ ಅಂಕಸಮುದ್ರ ಮತ್ತು ಗದಗ ಜಿಲ್ಲೆಯ ಮಾಗಡಿ ಕೆರೆ ರಾಮ್ಸರ್ ಪಟ್ಟಿ ಸೇರಿದವು. ಎರಡೂ ಜನ ನೀರಾವರಿಗಾಗಿ ಕಟ್ಟಿದ ಕೆರೆಗಳೇ. ಎರಡೂ ಲಿಂಗಸುಗೂರಿಗೆ ತೀರಾ ದೂರದವಲ್ಲ. ಮಾಗಡಿಗೆ ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಊರವರ ಆಸಕ್ತಿ, ಅರಣ್ಯ ಇಲಾಖೆಯ ಕಾವಲು ಕೂಡಿದರೆ ನೀರಾವರಿ ಕೆರೆಯೂ ಜಗತ್ತಿನ ಗಮನ ಸೆಳೆಯಬಲ್ಲದು ಎಂಬುದಕ್ಕೆ ಇವು ಸಾಕ್ಷಿ.

ಶಾಲೆ ಮತ್ತು ಮನೆಯ ಪಾಲು

2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು; ಊರಿನ ಗಿಡಮರ, ಪ್ರಾಣಿ ಪಕ್ಷಿಗಳ ದಾಖಲಾತಿ ಪುಸ್ತಕ ಇರಬೇಕು. ನಿಮ್ಮೂರ ಪುಸ್ತಕದಲ್ಲಿ ನೈದಿಲೆಯ ಹೆಸರಿದೆಯೇ? ಇಲ್ಲದಿದ್ದರೆ ಬರೆಸುವುದು ವಿದ್ಯಾರ್ಥಿಗಳಿಗೆ ಒಳ್ಳೆಯ ಕೆಲಸ. ಅಜ್ಜ ಅಜ್ಜಿಯರನ್ನು ಕೇಳಿ: ಯಾವ ಕೆರೆಯಲ್ಲಿ ಈ ಹೂ ಇತ್ತು, ಎಂದಿನಿಂದ ಕಾಣುತ್ತಿಲ್ಲ, ಬರಗಾಲದಲ್ಲಿ ಗಡ್ಡೆ ತಿಂದವರುಂಟೇ? ಅವರ ಉತ್ತರಗಳನ್ನು ಹೆಸರು, ತಿಂಗಳು, ಸ್ಥಳ ಸಮೇತ ಬರೆದಿಡಿ. ಬರೆದಿಡದಿದ್ದರೆ ಈ ತಿಳಿವಳಿಕೆ ಅವರೊಡನೆಯೇ ಹೋಗುತ್ತದೆ.

ನೈದಿಲೆ ಇರುವ ಕೆರೆ ಹತ್ತಿರದಲ್ಲಿದ್ದರೆ ಒಂದು ವರ್ಷದ ದಿನಚರಿ ಇಡಬಹುದು. ಮೊದಲ ಎಲೆ ಎಂದು ಕಂಡಿತು? ಹೂ ಎಷ್ಟು ಗಂಟೆಗೆ ಅರಳಿ ಎಷ್ಟಕ್ಕೆ ಮುಚ್ಚಿತು? ಮೋಡದ ದಿನ ಏನಾಯಿತು? ನೀರು ಎಂದು ಬತ್ತಿತು? ಇದಕ್ಕೆ ಖರ್ಚಿಲ್ಲ, ಒಂದು ಗಡಿಯಾರ, ಒಂದು ನೋಟುಪುಸ್ತಕ ಸಾಕು. ಒಂದು ಎಚ್ಚರಿಕೆ ಮಾತ್ರ ತಂದೆ ತಾಯಂದಿರಿಗೆ: ಮಕ್ಕಳು ಹೂವಿಗಾಗಿ ನೀರಿಗೆ ಇಳಿಯಬಾರದು. ಉದ್ದನೆಯ ದಂಟುಗಳು ಕಾಲಿಗೆ ಸುತ್ತಿಕೊಳ್ಳುತ್ತವೆ, ಕೆಸರು ಹಿಡಿದೆಳೆಯುತ್ತದೆ. ನೋಡುವುದು ದಂಡೆಯಿಂದಲೇ, ಹಿರಿಯರೊಂದಿಗೆ.

ದೊಡ್ಡವರ ಪಾಲೂ ಇದೆ. ಹಬ್ಬಕ್ಕೆ ಹೂ ಕೀಳುವಾಗ ಗಡ್ಡೆ ಸಮೇತ ಎಳೆಯದಿರುವುದು, ಹೂಳೆತ್ತುವ ಯೋಜನೆ ಬಂದಾಗ ಕೆರೆಯ ಒಂದು ಮೂಲೆಯನ್ನಾದರೂ ಮುಟ್ಟದೆ ಬಿಡುವಂತೆ ಗ್ರಾಮಸಭೆಯಲ್ಲಿ ಕೇಳುವುದು, ಒಂದು ಬದಿಯ ಇಳಿಜಾರನ್ನು ಇದ್ದಂತೆ ಉಳಿಸುವುದು, ಚರಂಡಿಯ ಬಾಯಿ ಕೆರೆಯ ಕಡೆ ತಿರುಗದಂತೆ ನೋಡಿಕೊಳ್ಳುವುದು. ಇವು ಯಾವುವೂ ರೈತನ ನೀರನ್ನು ಕಿತ್ತುಕೊಳ್ಳುವ ಸಲಹೆಗಳಲ್ಲ. ಹೂ ಉಳಿದ ಕೆರೆಯಲ್ಲಿ ದನಕರುಗಳಿಗೆ ನೀರೂ, ಅಕ್ಕಪಕ್ಕದ ಬಾವಿಗೆ ಒರತೆಯೂ ಉಳಿಯುತ್ತದೆ.

ಜಾಗತಿಕ ಪಟ್ಟಿಯಲ್ಲಿ ನೈದಿಲೆ ಕ್ಷೇಮ. ಊರ ಕೆರೆಯಲ್ಲಿ ಕ್ಷೇಮವೇ ಎಂಬ ಪ್ರಶ್ನೆಗೆ ಉತ್ತರ ಯಾವ ಪಟ್ಟಿಯಲ್ಲೂ ಸಿಗುವುದಿಲ್ಲ. ಮುಂದಿನ ಹಿಂಗಾರಿನಲ್ಲಿ ಕೆರೆ ತುಂಬಿದಾಗ ದಂಡೆಗೆ ಹೋಗಿ ಎಣಿಸಿ ಬಂದವರೇ ಅದನ್ನು ಹೇಳಬೇಕು.